ಕೀಲಿ ಯಾರ ಕೈಯಲ್ಲಿರಬೇಕು?

ಬ್ಯಾಂಕಿನಲ್ಲಿ ಹಣವಿಟ್ಟು ನಾವು ನಿಶ್ಚಿಂತರಾಗುತ್ತೇವೆ. ಪಾಸ್‌ಬುಕ್ ಕಳೆದರೆ ಇನ್ನೊಂದು ಸಿಗುತ್ತದೆ, ಪಿನ್ ಮರೆತರೆ ಹೊಸದು ಬರುತ್ತದೆ, ನಾವು ತೀರಿಕೊಂಡರೆ ವಾರಸುದಾರರು ದಾಖಲೆ ತೋರಿಸಿ ಹಣ ಪಡೆಯುತ್ತಾರೆ. ಆದರೆ 2009ರಲ್ಲಿ ಆರಂಭವಾದ ಬಿಟ್‌ಕಾಯಿನ್‌ನಲ್ಲಿ ಇಂತಹ ಮಧ್ಯವರ್ತಿ ಇಲ್ಲ. ಅಲ್ಲಿ ಹಣದ ಮೇಲೆ ಹಿಡಿತ ಕೊಡುವುದು ಒಂದೇ ಒಂದು ವಸ್ತು: ಖಾಸಗಿ ಕೀಲಿ ಎಂಬ ಬಹು ಉದ್ದದ ರಹಸ್ಯ ಸಂಖ್ಯೆ. ಬರೆದಿಟ್ಟುಕೊಳ್ಳಲು ಅನುಕೂಲವಾಗಲೆಂದು ಅದನ್ನು ಸಾಮಾನ್ಯವಾಗಿ 12 ಅಥವಾ 24 ಪದಗಳ ರೂಪದಲ್ಲಿ ಕೊಡಲಾಗುತ್ತದೆ. ಆ ಪದಗಳನ್ನು ಬಲ್ಲವನು ಹಣವನ್ನು ಸಾಗಿಸಬಲ್ಲ. ಅವು ಕಳೆದುಹೋದರೆ ದೂರು ಕೊಡಲು ಕಚೇರಿಯೂ ಇಲ್ಲ.

ಕ್ರಿಪ್ಟೋ ವಹಿವಾಟು ಧರ್ಮಸಮ್ಮತವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ನಾವಿಲ್ಲಿ ಚರ್ಚಿಸುತ್ತಿರುವುದು ಅದನ್ನಲ್ಲ. ಈ ಕೀಲಿ ನಮ್ಮ ಮುಂದಿಡುವ ಹಳೆಯ ಪ್ರಶ್ನೆಯೊಂದಿದೆ: ಸೊತ್ತಿನ ರಕ್ಷಣೆಯನ್ನು ಯಾರಿಗೆ ಒಪ್ಪಿಸಬೇಕು?

ವ್ಯಾಲೆಟ್ ಎಂದರೆ ಹಣ ತುಂಬಿದ ಚೀಲವಲ್ಲ, ಕೀಲಿ ಇಡುವ ಜಾಗ. ವಿನಿಮಯ ಕಂಪನಿಯಲ್ಲಿ ಖಾತೆ ತೆರೆದರೆ ಕೀಲಿ ಕಂಪನಿಯ ಬಳಿ ಇರುತ್ತದೆ, ನಮ್ಮ ಬಳಿ ಇರುವುದು ಪಾಸ್‌ವರ್ಡ್ ಮಾತ್ರ. ಮೆಟಾಮಾಸ್ಕ್‌ನಂತಹ ಆ್ಯಪ್‌ಗಳಲ್ಲಿ ಕೀಲಿ ನಮ್ಮದೇ ಮೊಬೈಲಿನಲ್ಲಿರುತ್ತದೆ, ಆದರೆ ಮೊಬೈಲು ಇಂಟರ್ನೆಟ್ಟಿಗೆ ತೆರೆದಿರುವುದರಿಂದ ಕಳ್ಳನಿಗೂ ದಾರಿಯಿದೆ. ಟ್ರೆಜರ್, ಲೆಡ್ಜರ್‌ನಂತಹ ಪುಟ್ಟ ಸಾಧನಗಳು ಕೀಲಿಯನ್ನು ತಮ್ಮೊಳಗೇ ಇಟ್ಟುಕೊಂಡು ಸಹಿಯನ್ನಷ್ಟೇ ಹೊರಗೆ ಕಳುಹಿಸುತ್ತವೆ. ಮಸೀದಿ ಕಮಿಟಿಯ ಬ್ಯಾಂಕ್ ಖಾತೆಗೆ ಅಧ್ಯಕ್ಷರು ಮತ್ತು ಖಜಾಂಚಿ ಇಬ್ಬರೂ ಸಹಿ ಹಾಕುವಂತೆ, ಮೂರು ಕೀಲಿಗಳ ಪೈಕಿ ಎರಡು ಸೇರಿದರೆ ಮಾತ್ರ ತೆರೆಯುವ ವ್ಯವಸ್ಥೆಯೂ ಇದೆ.

ಕೀಲಿಯನ್ನು ಪರರಿಗೆ ಒಪ್ಪಿಸಿದವರ ಅನುಭವ ಕಹಿಯಾಗಿದೆ. 2014ರಲ್ಲಿ ಟೋಕಿಯೋದ ಮೌಂಟ್ ಗಾಕ್ಸ್ ದಿವಾಳಿಯಾದಾಗ ಸುಮಾರು 8.5 ಲಕ್ಷ ಬಿಟ್‌ಕಾಯಿನ್ ಕಾಣೆಯಾಗಿತ್ತು. ಸುಮಾರು 2 ಲಕ್ಷವಷ್ಟೇ ಬಳಿಕ ಪತ್ತೆಯಾಯಿತು. ಕೆನಡಾದ ಕ್ವಾಡ್ರಿಗಾ ಕಂಪನಿಯ ಸ್ಥಾಪಕ 2018ರ ಡಿಸೆಂಬರಿನಲ್ಲಿ ಜೈಪುರದಲ್ಲಿ ತೀರಿಕೊಂಡಾಗ, ಕೀಲಿಗಳು ಆತನಿಗೆ ಮಾತ್ರ ಗೊತ್ತಿದ್ದವು ಎಂದು ಹೇಳಲಾಯಿತು. ಆತ ಗ್ರಾಹಕರ ಹಣವನ್ನು ಮೊದಲೇ ಪೋಲು ಮಾಡಿದ್ದನೆಂದು 2020ರಲ್ಲಿ ಅಲ್ಲಿನ ನಿಯಂತ್ರಕರು ತೀರ್ಮಾನಿಸಿದರು. 2024ರ ಜುಲೈನಲ್ಲಿ ಭಾರತದ ವಝೀರ್‌ಎಕ್ಸ್‌ನಿಂದ 23 ಕೋಟಿ ಡಾಲರಿಗೂ ಹೆಚ್ಚು ಕಳವಾಯಿತು. ಅಲ್ಲಿ ಹಲವರ ಸಹಿಯ ವ್ಯವಸ್ಥೆಯೇ ಇತ್ತು. ಪರದೆಯ ಮೇಲೆ ಕಂಡದ್ದಕ್ಕೂ ಸಹಿಯಾದದ್ದಕ್ಕೂ ವ್ಯತ್ಯಾಸವಿತ್ತೆಂದು ಕಂಪನಿಯೇ ಹೇಳಿತು.

ಇವೆಲ್ಲ ಕೇವಲ ತಂತ್ರಜ್ಞಾನದ ಸೋಲೇ? ನಮಗೆ ಹಾಗನಿಸುವುದಿಲ್ಲ. 2019ರಲ್ಲಿ ಬೆಂಗಳೂರಿನ ಐಎಂಎ ಬಾಗಿಲು ಮುಚ್ಚಿದಾಗ ಸಾವಿರಾರು ಕುಟುಂಬಗಳ ಉಳಿತಾಯ ಕೈತಪ್ಪಿತು. ಅಲ್ಲಿ ಯಾವ ರಹಸ್ಯ ಸಂಖ್ಯೆಯೂ ಇರಲಿಲ್ಲ. ಇದ್ದದ್ದು 'ಹಲಾಲ್' ಎಂಬ ಮಾತಿನ ಮೇಲಿನ ನಂಬಿಕೆ. ಇಸ್ಲಾಮ್ ಇಂತಹ ಠೇವಣಿಯನ್ನು ಅಮಾನತ್ ಎನ್ನುತ್ತದೆ. ಅದು ಇಟ್ಟವನ ಸೊತ್ತು, ಕಾಯುವವನ ಬಂಡವಾಳವಲ್ಲ. 622ರಲ್ಲಿ ಪ್ರವಾದಿ ಮುಹಮ್ಮದ್(ಸ) ಮಕ್ಕಾ ತೊರೆಯಬೇಕಾಗಿ ಬಂದಾಗ, ತಮ್ಮ ಬಳಿ ಜನರು ಇಟ್ಟಿದ್ದ ವಸ್ತುಗಳನ್ನು ಮರಳಿಸಲು ಹಝ್ರತ್ ಅಲೀ(ರ)ಯವರನ್ನು ಹಿಂದೆ ಬಿಟ್ಟುಹೋದರು. ಊರು ಬಿಡಿಸಿದ ಶತ್ರುತ್ವವೂ ಅಮಾನತನ್ನು ರದ್ದುಗೊಳಿಸಲಿಲ್ಲ.

ಹಾಗಾದರೆ ಯಾರನ್ನೂ ನಂಬದೆ ಕೀಲಿಯನ್ನು ನಾವೇ ಇಟ್ಟುಕೊಂಡರಾಯಿತು ಎಂದು ಕ್ರಿಪ್ಟೋ ಪ್ರತಿಪಾದಕರು ಹೇಳುತ್ತಾರೆ. ಈ ವಾದದಲ್ಲಿ ಹುರುಳಿದೆ. ಆದರೆ ಅದು ಅರ್ಧ ಸತ್ಯ. ನಾವು ಇದ್ದಕ್ಕಿದ್ದಂತೆ ಮೃತಪಟ್ಟರೆ ಆ 24 ಪದಗಳು ನಮ್ಮೊಂದಿಗೇ ಮಣ್ಣಾಗುತ್ತವೆ. ಪತ್ನಿಯ, ಮಕ್ಕಳ, ವೃದ್ಧ ತಾಯಿಯ ಪಾಲು ಹೋಗುತ್ತದೆ, ಸಾಲ ಕೊಟ್ಟವನ ಹಕ್ಕೂ ಹೋಗುತ್ತದೆ. ನಮ್ಮ ಸಂಪತ್ತಿನಲ್ಲಿ ಇತರರ ಹಕ್ಕಿದೆಯೆಂದು ಒಪ್ಪಿದ ಮೇಲೆ ಯಾರಿಗೂ ತಿಳಿಯದ ಗುಟ್ಟನ್ನು ಸುರಕ್ಷತೆ ಎಂದು ಕರೆಯಲಾದೀತೇ? ವಸಿಯ್ಯತ್ ಬರೆದಿಡಬೇಕೆಂಬ ಶಿಕ್ಷಣದ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ಮೂರರಲ್ಲಿ ಎರಡು ಕೀಲಿ ಬೇಕಾಗುವ ವ್ಯವಸ್ಥೆ ಮಾಡಿ, ಒಂದನ್ನು ತಾನಿಟ್ಟುಕೊಂಡು, ಒಂದನ್ನು ಮನೆಯವರಿಗೂ ಇನ್ನೊಂದನ್ನು ಪ್ರಾಮಾಣಿಕ ಹಿತೈಷಿಗೂ ಒಪ್ಪಿಸುವುದು ಒಂದು ದಾರಿ. ಆದರೆ ಆ ಹಿತೈಷಿಯನ್ನು ಯಾವ ಯಂತ್ರವೂ ಆರಿಸಿಕೊಡಲಾರದು. ತಂತ್ರಜ್ಞಾನವು ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸುತ್ತದೆಯೇ ಹೊರತು ಅನಗತ್ಯಗೊಳಿಸುವುದಿಲ್ಲ.

630ರಲ್ಲಿ ಮಕ್ಕಾ ವಿಜಯದ ದಿನ ಕಅಬಾದ ಕೀಲಿ ಪ್ರವಾದಿ(ಸ)ಯವರ ಕೈಸೇರಿತು. ಅದನ್ನು ತಮ್ಮ ಕುಟುಂಬದಲ್ಲೇ ಉಳಿಸಿಕೊಳ್ಳಬಹುದಿತ್ತು. ಆದರೆ ಅವರು ಅದನ್ನು ಪರಂಪರೆಯಿಂದ ಕಾಯುತ್ತಿದ್ದ ಉಸ್ಮಾನ್ ಬಿನ್ ತಲ್ಹಾ(ರ)ರಿಗೇ ಮರಳಿಸಿದರು. 2024ರಲ್ಲಿ ಕೀಲಿ ಕಾಯುತ್ತಿದ್ದ ಹಿರಿಯರು ನಿಧನರಾದಾಗಲೂ ಅದು ಅದೇ ಮನೆತನದ ಇನ್ನೊಬ್ಬರಿಗೆ ಹಸ್ತಾಂತರವಾಯಿತು.

ಕ್ರಿಪ್ಟೋ ಮುಟ್ಟದವರ ಬಳಿಯೂ ಪರರ ಕೀಲಿಗಳಿರುತ್ತವೆ. ಕಮಿಟಿಯ ನಿಧಿ, ಅನಾಥರ ಹಣ, ಗಲ್ಫ್‌ನಲ್ಲಿರುವ ಅಣ್ಣ ಕಳುಹಿಸುವ ಮೊತ್ತ, ಅಜ್ಜಿಯ ಎಟಿಎಂ ಪಿನ್. ಇವುಗಳ ಲೆಕ್ಕವನ್ನು ನಾವು ಕೇಳದೆಯೇ ಕೊಡುತ್ತಿದ್ದೇವೆಯೇ? ನಾಳೆ ನಾವಿಲ್ಲದಿದ್ದರೆ ಅವು ಹಕ್ಕುದಾರರಿಗೆ ತಲುಪುವಂತೆ ಬರೆದಿಟ್ಟಿದ್ದೇವೆಯೇ?