ಗಂಟಿನ ಪರೀಕ್ಷೆ

ತಪ್ಪನ್ನು ಕಂಡೂ ಕಾಣದವನಂತೆ ಇರುವುದು ದಯೆಯೋ ಅಲ್ಲವೋ ಎಂಬ ಪ್ರಶ್ನೆ ಧರ್ಮಶಾಸ್ತ್ರಜ್ಞರಿಗೆ ಹೊಸದಲ್ಲ. ನನಗೆ ಮಾತ್ರ ಅದು ಶಾಸ್ತ್ರದ ಮೂಲಕ ಬಾರದೆ ಒಂದು ತುಂಡು ಹಗ್ಗದ ಮೂಲಕ ಬಂದಿತು. ಆ ಸಂಗತಿಯನ್ನು ವಾಚಕ ಮಹಾಶಯರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಪಾಠಶಾಲೆಯಲ್ಲಿ ಓದಿ, ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿ ನಿವೃತ್ತನಾದವನು ನಾನು. ಸೇವೆಯ ಕಡೆಯ ವರ್ಷಗಳಲ್ಲಿ, ಸ್ಕೌಟ್ ದಳವನ್ನು ನೋಡಿಕೊಳ್ಳುತ್ತಿದ್ದ ಅಧ್ಯಾಪಕರು ವರ್ಗವಾಗಿ ಹೋದುದರಿಂದ, ಮುಖ್ಯೋಪಾಧ್ಯಾಯರು ಅದನ್ನು ನನ್ನ ಕೊರಳಿಗೆ ಕಟ್ಟಿದರು. ಪರೀಕ್ಷೆಗಳಿಗೆ ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ ಎಂಬ ಹೆಸರುಗಳಿರುವುದನ್ನು ಕಂಡು ನನಗೆ ಸ್ವಲ್ಪ ಧೈರ್ಯ ಬಂದಿತೆಂದೇ ಹೇಳಬೇಕು. ಬೇಡನ್ ಪೊವೆಲ್ಲರು 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬಾಲಕರ ಮೊದಲ ಶಿಬಿರವನ್ನು ನಡೆಸಿದರು. 1909ರ ವೇಳೆಗೆ ಈ ಶಿಕ್ಷಣ ನಮ್ಮ ಬೆಂಗಳೂರಿಗೂ ಬಂದಿತ್ತು. ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ಹುಟ್ಟಿದ್ದು 1950ರಲ್ಲಿ. ಇಷ್ಟು ಕಾಲದಲ್ಲಿ ಏನೇನು ಬದಲಾದರೂ ಬಾಲಕನ ಕೈಗೆ ಹಗ್ಗದ ತುಂಡನ್ನು ಕೊಡುವ ಪದ್ಧತಿ ಮಾತ್ರ ತಪ್ಪಿಲ್ಲ.

ಮೊದಲು ಕಲಿಸುವ ಗಂಟುಗಳಲ್ಲಿ ರೀಫ್ ಗಂಟು ಒಂದು. ಬಲದ ತುದಿಯನ್ನು ಎಡದ ಮೇಲೆ ಹಾಯಿಸಿ ಸುತ್ತಬೇಕು. ಮತ್ತೆ ಎಡದ ತುದಿಯನ್ನು ಬಲದ ಮೇಲೆ ಹಾಯಿಸಿ ಸುತ್ತಬೇಕು. ಆಗ ಗಂಟು ಚಪ್ಪಟೆಯಾಗಿ ಕುಳಿತು, ಎರಡು ತುದಿಗಳೂ ತಮ್ಮ ತಮ್ಮ ಹಗ್ಗದ ಮಗ್ಗುಲಲ್ಲಿಯೇ ಒರಗಿ ನಿಲ್ಲುವುವು. ಗಾಯಕ್ಕೆ ಬಟ್ಟೆ ಕಟ್ಟುವಾಗ ಇದನ್ನು ಹಾಕುವುದು ಇದೇ ಕಾರಣದಿಂದ. ಮೈಗೆ ಒತ್ತದು, ಬಿಚ್ಚುವುದೂ ಸುಲಭ. ಎರಡನೆಯ ಸಲವೂ ಬಲದ ತುದಿಯನ್ನೇ ಮೇಲೆ ತಂದರೆ ಬೇರೊಂದು ಗಂಟಾಗುತ್ತದೆ. ದೂರದಿಂದ ನೋಡಿದರೆ ಭೇದ ತಿಳಿಯದು. ಹತ್ತಿರದಿಂದ ನೋಡಿದರೆ ತುದಿಗಳು ಅಡ್ಡಲಾಗಿ ಚಾಚಿಕೊಂಡಿರುತ್ತವೆ. ಭಾರ ಬಿದ್ದಾಗ ಅದು ಜಾರುವುದು. ಇಂಗ್ಲಿಷರು ಇದನ್ನು ಅಜ್ಜಿಯ ಗಂಟೆಂದು ಹಾಸ್ಯ ಮಾಡುತ್ತಾರೆ. ನನ್ನ ಅಜ್ಜಿ ಸೆರಗಿನ ತುದಿಯಲ್ಲಿ ಕಟ್ಟಿಟ್ಟ ಕಾಸು ಒಂದು ದಿನವೂ ಉದುರಿದ್ದಿಲ್ಲವಾದ್ದರಿಂದ ಆ ಹೆಸರನ್ನು ನಾನು ಒಪ್ಪಲಾರೆ.

ಪರೀಕ್ಷೆಯ ದಿನ ಒಬ್ಬ ಹುಡುಗನ ಕೈ ನಡುಗುತ್ತಿತ್ತು. ಅವನಿಗೆ ಪದಕ ತೊಡಿಸುವುದನ್ನು ನೋಡಲು ಅವನ ತಾಯಿ ಒಂದು ದಿನದ ಕೂಲಿಯನ್ನು ಬಿಟ್ಟು ಬಂದು ಜಗಲಿಯ ಮೇಲೆ ಕುಳಿತಿದ್ದಳು. ಅವನು ಕಟ್ಟಿ ತೋರಿಸಿದ ಗಂಟಿನ ತುದಿಗಳು ಅಡ್ಡಲಾಗಿ ಚಾಚಿದ್ದವು. ನಾನು ಕಂಡೆನು. ಕಂಡೂ, ‘ಸರಿಯಾಗಿದೆ’ ಎಂದೆನು. ದಿನಕ್ಕೊಂದು ಸತ್ಕಾರ್ಯವನ್ನು ಮರೆಯದಿರಲು ಕೊರಳ ವಸ್ತ್ರದಲ್ಲಿ ಒಂದು ಗಂಟು ಹಾಕಿಕೊಳ್ಳಿರೆಂದು ಬೇಡನ್ ಪೊವೆಲ್ಲರು ಬಾಲಕರಿಗೆ ಹೇಳಿದ್ದುಂಟು. ಅಂದಿನ ನನ್ನ ಸತ್ಕಾರ್ಯ ಮುಗಿಯಿತೆಂದು ಸಮಾಧಾನದಿಂದ ಮನೆಗೆ ಹೋದೆನು.

ತಿಂಗಳ ಮೇಲೆ ಶಿಬಿರ ನಡೆಯಿತು. ಅಲ್ಲಿಯ ಬಾವಿಯ ಹಗ್ಗ ಗಿಡ್ಡವಾಗಿತ್ತು. ಆ ಹುಡುಗನೇ ಮುಂದೆ ಬಂದು ದಪ್ಪನೆಯ ತೆಂಗಿನ ನಾರಿನ ಹಗ್ಗಕ್ಕೆ ನುಣುಪಾದ ನೈಲಾನ್ ಹಗ್ಗವನ್ನು ತನಗೆ ತಿಳಿದಂತೆ ಗಂಟು ಹಾಕಿ ಸೇರಿಸಿದನು. ಮತ್ತೊಬ್ಬನು ತುಂಬಿದ ಕೊಡವನ್ನು ಸೇದುತ್ತಿದ್ದಾಗ ಗಂಟು ಜಾರಿತು. ಕೊಡ ನೀರಿಗೆ ಬಿತ್ತು. ಸೇದುತ್ತಿದ್ದವನು ಹಿಂದಕ್ಕೆ ಕಲ್ಲಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡನು. ಗಂಟು ಹಾಕಿದವನು ಅಳಲಿಲ್ಲ. ಬಿಟ್ಟುಹೋದ ಹಗ್ಗದ ತುದಿಯನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ, “ಮೇಷ್ಟ್ರೇ, ಇದೇ ಗಂಟಿಗಲ್ಲವೇ ನೀವು ಸರಿ ಅಂದದ್ದು?” ಎಂದನು.

ಮಕ್ಕಳ ಆಟಕ್ಕೆ ಇಷ್ಟು ವಿಚಾರವೇಕೆ, ಉತ್ತೇಜನ ಕೊಡದಿದ್ದರೆ ಅವರು ಮುಂದೆ ಬರುವುದು ಹೇಗೆ ಎಂದು ಸಹೋದ್ಯೋಗಿಗಳು ನನ್ನನ್ನು ಸಂತೈಸಿದರು. ಈ ಮಾತಿನಲ್ಲಿ ಹುರುಳಿಲ್ಲವೆನ್ನಲಾರೆ. ನಮ್ಮ ಪಾಠಶಾಲೆಯಲ್ಲಿ ಒಂದು ಸ್ವರ ತಪ್ಪಿದರೆ ಬೆತ್ತ ಏಳುತ್ತಿತ್ತು. ಭಯದಿಂದ ಸ್ವರ ಇನ್ನಷ್ಟು ತಪ್ಪುತ್ತಿತ್ತೇ ಹೊರತು ಸರಿಹೋಗುತ್ತಿರಲಿಲ್ಲ. ಕಠೋರನಾಗಬಾರದೆಂಬ ನನ್ನ ಹಟ ಅಲ್ಲಿಯೇ ಹುಟ್ಟಿದ್ದು. ಆದರೆ ನಾನು ದಯೆ ತೋರಿಸಿದ್ದು ಯಾರಿಗೆ? ಮುಂಗೈ ಮುರಿದವನಿಗಂತೂ ಅಲ್ಲ. ಅವನು ಆ ದಿನ ನನ್ನ ಲೆಕ್ಕದಲ್ಲಿಯೇ ಇರಲಿಲ್ಲ. ಗಂಟು ಹಾಕಿದವನಿಗೂ ಅಲ್ಲ. ಒಬ್ಬ ತಾಯಿಯ ಎದುರಿಗೆ ‘ತಪ್ಪು’ ಎಂಬ ಮಾತನ್ನಾಡುವ ಸಂಕಟದಿಂದ ನನ್ನನ್ನು ನಾನು ಪಾರುಮಾಡಿಕೊಂಡು, ಅದಕ್ಕೆ ದಯೆಯೆಂದು ಹೆಸರಿಟ್ಟಿದ್ದೆನು.

ಇದಕ್ಕೂ ಮೇಲಾದ ನನ್ನ ತಪ್ಪು ಆಮೇಲೆ ತಿಳಿಯಿತು. ಆಶ್ಲಿ ಎಂಬ ಅಮೆರಿಕದ ಗ್ರಂಥಕರ್ತನು 1944ರಲ್ಲಿ ಪ್ರಕಟಿಸಿದ, ಗಂಟುಗಳ ವಿಷಯವಾದ ದೊಡ್ಡ ಗ್ರಂಥದಲ್ಲಿ, ರೀಫ್ ಗಂಟಿನಿಂದ ಎರಡು ಹಗ್ಗಗಳನ್ನು ಕೂಡಿಸಿ ಭಾರ ಹೊರಿಸುವುದು ಪ್ರಾಣಕ್ಕೇ ಅಪಾಯಕರವೆಂದು ಎಚ್ಚರಿಸಿದ್ದಾನೆ. ಎಂದರೆ ಆ ಹುಡುಗ ಗಂಟನ್ನು ಶುದ್ಧವಾಗಿ ಹಾಕಿದ್ದರೂ ಆ ಬಾವಿಗೆ ಅದು ತಕ್ಕದ್ದಾಗಿರಲಿಲ್ಲ. ದಪ್ಪ ಸಣ್ಣ ಹಗ್ಗಗಳನ್ನು ಕೂಡಿಸಲು ಶೀಟ್ ಬೆಂಡ್ ಎಂಬುದು ಬೇರೆ ಇದೆ. ಅದರಲ್ಲಿ ದಪ್ಪ ಹಗ್ಗ ಮಡಿದು ಸುಮ್ಮನೆ ನಿಲ್ಲುತ್ತದೆ, ಸಣ್ಣದು ಅದನ್ನು ಸುತ್ತಿಕೊಂಡು ತನ್ನ ಕೆಳಗೆ ತಾನೇ ಸಿಕ್ಕಿಕೊಳ್ಳುತ್ತದೆ. ಸಂಧಿಯಲ್ಲಿ ಯಾವ ವರ್ಣ ನಿಲ್ಲಬೇಕು, ಯಾವುದು ಮಾರ್ಪಡಬೇಕು ಎಂಬುದನ್ನು ಮೂವತ್ತು ವರ್ಷ ಬೋಧಿಸಿದ ನಾನು ಇದನ್ನು ಗಂಟಿನ ಹೆಸರಾಗಿ ಬಾಯಿಪಾಠ ಮಾಡಿಸಿದ್ದೆನೇ ಹೊರತು, ಎಲ್ಲಿಗೆ ಯಾವುದು ತಕ್ಕದ್ದೆಂಬುದನ್ನು ಹೇಳಿಕೊಟ್ಟಿರಲಿಲ್ಲ.

ಅಲ್ಲಿಂದ ಮುಂದೆ ಗಂಟು ಸರಿಯೆಂದಾಗಲಿ ತಪ್ಪೆಂದಾಗಲಿ ನಾನು ಹೇಳುವುದನ್ನು ಬಿಟ್ಟೆನು. ಒಂದೊಂದು ತುದಿಗೆ ಇಬ್ಬಿಬ್ಬರನ್ನು ನಿಲ್ಲಿಸಿ, ಹುಲ್ಲಿನ ಮೇಲೆ, ಎಳೆಯಿರಿ ಎನ್ನುತ್ತಿದ್ದೆನು. ಜಾರಿದರೆ ಎಲ್ಲರೂ ಬಿದ್ದು ನಗುತ್ತಿದ್ದರು. ಗಂಟು ಹಾಕಿದವನೂ ನಕ್ಕು ಮತ್ತೆ ಹಾಕುತ್ತಿದ್ದನು. ಹಗ್ಗದ ಮೇಲೆ ಯಾವ ಬಾಲಕನೂ ಮುನಿಸಿಕೊಂಡದ್ದನ್ನು ನಾನು ಕಾಣೆ.

ಆ ಹುಡುಗನನ್ನು ಕರೆದು, ‘ತಪ್ಪು ನನ್ನದು, ಕಂಡೂ ಹೇಳಲಿಲ್ಲ’ ಎಂದು ಒಪ್ಪಿಕೊಂಡೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಆಮೇಲೆ ಅಂಗಿಯಿಂದ ಪದಕವನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು, ಕಿಸೆಯಿಂದ ಹಗ್ಗವನ್ನು ತೆಗೆದು, “ಈಗ ಹಾಕುತ್ತೇನೆ. ಈ ಸಲ ಎಳೆದು ನೋಡಿ, ಮೇಷ್ಟ್ರೇ” ಎಂದನು.