ಗುರುಸ್ವಾಮಿಯ ವಿಲ್

ಕಂಪ್ಯೂಟರ್ ಕೆಲಸದವನು ಅಂತ ಡೊಂಬಿವಲಿಯ ನಮ್ಮ ಗುರುಸ್ವಾಮಿ ತಮ್ಮ ವಿಲ್ಲನ್ನು ನನ್ನ ಕೈಲೇ ಟೈಪ್ ಮಾಡಿಸಿದರು. ಮಂಡಳಿಯ ಅನ್ನದಾನಕ್ಕೆ ಒಂದು ಲಕ್ಷ, ಉಳಿದದ್ದೆಲ್ಲ ಮಗನಿಗೆ.

ನನಗೆ ಕಸಿವಿಸಿ. 41 ದಿನದ ವ್ರತದಲ್ಲಿ ನಾವು ಬಿಡುವುದು ನಮ್ಮದನ್ನೇ ಅಲ್ಲವೇ? ಸತ್ತ ಮೇಲೆ ಕೊಟ್ಟರೆ ಬಿಟ್ಟವನು ಯಾರು? ಹಣ ಮಗನ ಕೈತಪ್ಪುತ್ತದೆ, ಪುಣ್ಯ ಅಪ್ಪನಿಗಾ? ತಡೆಯಲಾರದೆ ಕೇಳಿಯೇಬಿಟ್ಟೆ.

"ಮಗನಿಗೆ ಮೊದಲೇ ಹೇಳಿದ್ದೀನಿ ಸ್ವಾಮಿ. ಎರಡು ದಿನ ಮಾತೇ ಆಡಲಿಲ್ಲ," ಅಂದರು.

ದಾನ ಆ ಎರಡು ದಿನದಲ್ಲೇ ಆಗಿಹೋಯಿತು ಅನ್ನಿಸಿತು. ಹೇಳದೆ ಬರೆದಿಟ್ಟಿದ್ದರೆ ಆ ಮುನಿಸು ಮುಂದೆ ಮಂಡಳಿಯ ಮೇಲೆ ತಿರುಗುತ್ತಿತ್ತು. ಆ ಅನ್ನ ನಮಗೆ ಇಳಿಯುತ್ತಿತ್ತೇ?

ಸ್ವಂತ ಗಳಿಕೆಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ನೋಂದಣಿ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳ ಸಹಿ ಬೇಕೇ ಬೇಕು. ಒಬ್ಬರನ್ನು ಕರೆತಂದದ್ದು ಆ ಮಗನೇ.