ಹಳೆಯ ಬೈಸಿಕಲ್ಲೂ ಪ್ರತಿನಿಧಿನ್ಯಾಯವೂ

ಪರರು ನಿರ್ಮಿಸಿದ ಉತ್ತಮ ವಸ್ತುವೊಂದು ಕೈಗೆ ಬಂದಾಗ, ಅದನ್ನು ತನ್ನ ದೇಹದ ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸುವ ಅಧಿಕಾರವು ಒಡೆಯನಿಗೆ ಎಷ್ಟರ ಮಟ್ಟಿಗೆ ಉಂಟು? ದೇವಾಲಯ, ವೀಣೆ, ಪಿತ್ರಾರ್ಜಿತವಾದ ಮನೆ ಇವುಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಕೇಳುವುದು ವಾಡಿಕೆ. ಇಲ್ಲಿ ಎತ್ತಿಕೊಂಡಿರುವ ಉದಾಹರಣೆಯು ಅವುಗಳಿಗಿಂತ ಅಲ್ಪವಾದುದು. ಆದರೆ ಅಲ್ಪವಾದ ವಸ್ತುವಿನಲ್ಲಿ ಭಕ್ತಿಯ ಆವೇಶ ಕಡಮೆಯಾದುದರಿಂದ ವಿಚಾರವು ನೇರವಾಗಿ ನಡೆಯುವುದುಂಟು.

ಇಂಗ್ಲೆಂಡ್, ಫ್ರಾನ್ಸ್, ಇಟಲಿ ದೇಶಗಳಲ್ಲಿ ಅರ್ಧ ಶತಮಾನದ ಹಿಂದೆ ತಯಾರಾದ ಪಂದ್ಯದ ಬೈಸಿಕಲ್ಲುಗಳನ್ನು ಜತನದಿಂದ ಕಾಪಾಡಿ ಇಂದಿಗೂ ಸವಾರಿ ಮಾಡುವವರಿದ್ದಾರೆ. ನಮ್ಮಲ್ಲಿ ಹಾಲಿನವರೂ ಅಂಚೆಯವರೂ ಬಹುಕಾಲ ತುಳಿದ ಕರಿಯ ಸೈಕಲ್ಲಿಗೆ ಹಿಂದೆ ಒಂದೇ ಹಲ್ಲುಚಕ್ರ; ಇವಕ್ಕಾದರೋ ಐದಾರು. ಏರಿನಲ್ಲಿ ಚೈನು ದೊಡ್ಡ ಚಕ್ರಕ್ಕೂ ಬಯಲಿನಲ್ಲಿ ಚಿಕ್ಕದಕ್ಕೂ ಸರಿಯಬೇಕು. ಸರಿಸುವ ಯಂತ್ರಕ್ಕೆ ಡಿರೈಲರ್ ಎಂದು ಹೆಸರು. ಅದನ್ನು ಒಂದು ತಂತಿಯು ಎಳೆಯುತ್ತದೆ. ತಂತಿಯನ್ನು ಎಳೆಯುವ ಲಿವರು, ಹ್ಯಾಂಡಲಿನ ಕೆಳಗಿನಿಂದ ಪೆಡಲಿನ ಅಚ್ಚಿನವರೆಗೆ ಓರೆಯಾಗಿ ಇಳಿಯುವ ಫ್ರೇಮಿನ ಕೊಳವೆಯ ಮೇಲೆ ಇರುತ್ತದೆ. ಗೇರು ಬದಲಿಸಬೇಕಾದಾಗಲೆಲ್ಲ ಸವಾರನು ಒಂದು ಕೈ ಬಿಟ್ಟು, ಬಾಗಿ, ಮೊಣಕಾಲಿನ ಹತ್ತಿರ ತಡಕಬೇಕು. ಇಪ್ಪತ್ತರ ಹರೆಯದಲ್ಲಿ ಇದು ಲೀಲೆ. ಅರವತ್ತೈದರಲ್ಲಿ, ಬೆನ್ನು ಬಗ್ಗದೆ, ಪಕ್ಕದಲ್ಲಿಯೇ ಲಾರಿ ಹಾಯುತ್ತಿರುವಾಗ, ಇದು ಎಲುಬಿನ ಪ್ರಶ್ನೆ.

ಇದಕ್ಕೆ ಒಂದು ಪರಿಹಾರವುಂಟು. ಟಗರಿನ ಕೊಂಬಿನಂತೆ ಬಾಗಿರುವ ಹ್ಯಾಂಡಲಿನ ಎರಡು ತುದಿಗಳಲ್ಲಿಯೂ ಕೊಳವೆಯ ಬಾಯಿ ತೆರೆದಿರುತ್ತದೆ. ಅಲ್ಲಿರುವ ಬಿರಡೆಯನ್ನು ಕಿತ್ತು ಲಿವರನ್ನು ಕೂರಿಸಿದರೆ, ಹ್ಯಾಂಡಲನ್ನು ಬಿಡದೆಯೇ ಬೆರಳಿನಿಂದ ಗೇರು ಬದಲಿಸಬಹುದು. ಲಿವರಿನ ಬುಡದಲ್ಲಿ ಕೊಳವೆಯೊಳಗೆ ಅರಳಿ ಕಚ್ಚಿಕೊಳ್ಳುವ ಗೂಟವಿದೆ. ಅನೇಕ ಮಾದರಿಗಳಲ್ಲಿ ಇದರ ತಿರುಪು ಲೋಕರೂಢಿಗೆ ವಿರುದ್ಧವಾಗಿ ಎಡಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ತಂತಿಯು ಹ್ಯಾಂಡಲಿಗೆ ಸುತ್ತಿದ ಪಟ್ಟಿಯ ಅಡಿಯಲ್ಲಿ ಸಾಗಿ, ಹೊರಬಂದು, ಸಡಿಲವಾದ ಬಳಸಿನಲ್ಲಿ ಇಳಿದು, ಹಳೆಯ ಲಿವರು ಇದ್ದ ಸ್ಥಳವನ್ನು ಸೇರುತ್ತದೆ. ಬಳಸು ಗಿಡ್ಡವಾದರೆ ಹ್ಯಾಂಡಲ್ ತಿರುಗಿದಾಗ ತಂತಿ ಬಿಗಿದು ಗೇರು ತಾನಾಗಿ ಹಾರೀತು. ಇದು ನೂತನ ಸೃಷ್ಟಿಯೇನೂ ಅಲ್ಲ. ಇಟಲಿಯ ಕಂಪಾನ್ಯೋಲೊ ಸಂಸ್ಥೆಯು 1950ರ ದಶಕದಲ್ಲಿಯೂ ಜಪಾನಿನ ಸನ್‌ಟೂರ್ 1970ರ ದಶಕದಲ್ಲಿಯೂ ಇಂಥವನ್ನು ಮಾರುತ್ತಿದ್ದುವು.

ಆದರೂ ಆಕ್ಷೇಪಿಸುವವರು ಉಂಟು. ಅವರ ಮಾತು ಹಳೆಯದು. ಟೂರ್ ದ ಫ್ರಾನ್ಸ್ ಪಂದ್ಯವನ್ನು 1903ರಲ್ಲಿ ಆರಂಭಿಸಿದ ಆನ್ರಿ ದೆಗ್ರಾಂಜ್ ಎಂಬಾತನು, ಬದಲಾಗುವ ಗೇರು ನಲವತ್ತೈದು ದಾಟಿದವರಿಗೆ ಮಾತ್ರ ತಕ್ಕದ್ದೆಂದು ಅದಕ್ಕೂ ಮುಂಚೆ 1902ರಲ್ಲಿಯೇ ಬರೆದಿದ್ದನು. ಜಯವು ಮಾಂಸಖಂಡದಿಂದ ಬರಬೇಕೇ ಹೊರತು ಯಂತ್ರದಿಂದಲ್ಲ ಎಂಬುದು ಅವನ ಮತ. ಅವನ ಪಂದ್ಯದಲ್ಲಿ ಡಿರೈಲರಿಗೆ ಪ್ರವೇಶ ದೊರೆತದ್ದು 1937ರಲ್ಲಿ, ಅವನು ಅಧಿಕಾರವನ್ನು ಬಿಟ್ಟ ಮೇಲೆ. ಇಂದು ಹಳೆಯ ಬೈಸಿಕಲ್ಲನ್ನು ಪ್ರೀತಿಸುವವರು ಅದೇ ಡಿರೈಲರನ್ನು ಪ್ರಾಚೀನವೆಂದು ಪೂಜಿಸಿ, ಲಿವರು ಒಂದು ಮೊಳ ಮೇಲಕ್ಕೆ ಸರಿದರೆ ಅಪಚಾರವಾಯಿತೆನ್ನುವರು. ಒಂದು ತಲೆಮಾರಿನ ಅಪಚಾರವು ಮತ್ತೊಂದರ ಸಂಪ್ರದಾಯವಾಗುವುದು ಬೈಸಿಕಲ್ಲಿಗೆ ಮಾತ್ರ ವಿಶೇಷವಾದುದಲ್ಲ.

ಅವಯವ ಬದಲಾದರೆ ವಸ್ತು ಅದೇ ಆಗಿ ಉಳಿಯುವುದೇ ಎಂಬ ಚರ್ಚೆಯಿಂದ ಇಲ್ಲಿ ಹೆಚ್ಚಿನ ಪ್ರಯೋಜನವಿಲ್ಲ. ರಥವೆಂಬುದು ಬರಿಯ ಹೆಸರೆಂದು ನಾಗಸೇನನು ಮಿಲಿಂದರಾಜನಿಗೆ ತೋರಿಸಿಕೊಟ್ಟನು. ವೈಶೇಷಿಕರಾದರೋ ಒಂದು ಅವಯವ ಹೋದೊಡನೆ ಹಳೆಯ ಅವಯವಿಯು ನಾಶವಾಗಿ ಹೊಸದು ಹುಟ್ಟಿತೆನ್ನುವರು. ಅವರ ಲೆಕ್ಕದಲ್ಲಿ ಟೈರು ಬದಲಿಸಿದವನೂ ಹೊಸ ಬೈಸಿಕಲ್ಲಿನ ಒಡೆಯನೇ. ಯಾರನ್ನು ನಂಬಿದರೂ ಸವಾರನಿಗೆ ಮಾಡತಕ್ಕದ್ದೇನೆಂಬುದು ತಿಳಿಯದು. ಇದಕ್ಕೆ ಮೀಮಾಂಸಕರ ಬಳಿಗೆ ಹೋಗುವುದೇ ಲೇಸು. ಅವರು ವಸ್ತುವನ್ನು ಕುರಿತಲ್ಲ, ಕರ್ಮವನ್ನು ಕುರಿತು ಯೋಚಿಸಿದವರು.

ವ್ರೀಹಿ ದೊರೆಯದಿದ್ದರೆ ನೀವಾರದಿಂದ ಯಾಗವನ್ನು ಪೂರೈಸಬಹುದೆಂಬುದು ಪ್ರತಿನಿಧಿನ್ಯಾಯ. ಪ್ರತಿನಿಧಿಯು ಮೂಲದ್ರವ್ಯಕ್ಕೆ ಆದಷ್ಟೂ ಸದೃಶವಾಗಿರಬೇಕು. ಹಳೆಯ ಲಿವರು ಕೈಯಲ್ಲಿಯೇ ಇರುವಾಗ ಪ್ರತಿನಿಧಿಯ ಮಾತೇಕೆ ಎಂದು ಪೂರ್ವಪಕ್ಷ ಬರಬಹುದು. ಅದಕ್ಕೂ ಸಮಾಧಾನವುಂಟು. ಯೂಪಕ್ಕೆ ಖದಿರವೇ ವಿಹಿತವಾದರೂ, ದೊರೆತ ಖದಿರವು ಪಶುವನ್ನು ಕಟ್ಟಲಾರದಷ್ಟು ಕೃಶವಾಗಿದ್ದರೆ ಗಟ್ಟಿಯಾದ ಬೇರೆ ಮರವನ್ನೇ ಕೊಳ್ಳಬೇಕು. ಪ್ರಯೋಜನಕ್ಕೂ ದ್ರವ್ಯಕ್ಕೂ ವಿರೋಧ ಬಂದರೆ ಪ್ರಯೋಜನವೇ ಬಲವತ್ತರ. ಮುದುಕನ ಕೈಗೆ ಎಟುಕದ ಲಿವರು ಇದ್ದೂ ಇಲ್ಲದ್ದೇ. ಬೈಸಿಕಲ್ಲನ್ನು ಗೋಡೆಗೆ ತೂಗುಹಾಕಿದವನಿಗೆ ಈ ವಿನಾಯಿತಿ ಸಲ್ಲದು. ಅವನಿಗೆ ಪ್ರಯೋಜನವೇ ಇಲ್ಲವಷ್ಟೆ.

ಇದೇ ನ್ಯಾಯವು ಕಡಿವಾಣವನ್ನೂ ಹಾಕುತ್ತದೆ. ದೇವತೆಗೂ ಅಗ್ನಿಗೂ ಮಂತ್ರಕ್ಕೂ ಪ್ರತಿನಿಧಿಯಿಲ್ಲ. ಯಜಮಾನನಿಗಂತೂ ಇಲ್ಲವೇ ಇಲ್ಲ. ಬೈಸಿಕಲ್ಲಿನಲ್ಲಿ ಯಜಮಾನನೆಂದರೆ ತುಳಿಯುವವನು. ಲಿವರು ಎಲ್ಲಿದ್ದರೂ ಏರನ್ನು ಅವನ ತೊಡೆಯೇ ಏರಬೇಕು. ದೆಗ್ರಾಂಜನ ಆಕ್ಷೇಪವು ಇಲ್ಲಿ ಮುಟ್ಟುವುದಿಲ್ಲ. ವಿದ್ಯುತ್ತಿನ ಮೋಟಾರನ್ನು ಕೂಡಿಸಿದರೆ ಮುಟ್ಟೀತು.

ಸಾದೃಶ್ಯದ ನಿಯಮವೂ ಅಷ್ಟೇ ಮುಖ್ಯ. ಘರ್ಷಣೆಯಿಂದಲೇ ನಿಲ್ಲುವ ಲಿವರನ್ನು ಆರಿಸಿಕೊಂಡರೆ ಹಳೆಯ ಡಿರೈಲರು, ಫ್ರೀವೀಲು, ಚೈನು ಎಲ್ಲವೂ ಇದ್ದಲ್ಲಿಯೇ ಇರುತ್ತವೆ. ಗೇರು ಸರಿಯಾಗಿ ಕೂತಿತೋ ಇಲ್ಲವೋ ಎಂಬುದನ್ನು ಮೊದಲಿನಂತೆ ಕಿವಿಯೇ ಹೇಳುತ್ತದೆ. ಟಿಕ್ಕೆಂದು ತಾನಾಗಿ ಕೂರುವ ಹೊಸ ಬಗೆಯೇ ಬೇಕೆಂದರೆ ಸಾಮಾನ್ಯವಾಗಿ ಡಿರೈಲರು ಹೋಗಬೇಕು, ಫ್ರೀವೀಲು ಹೋಗಬೇಕು, ಹಿಂದಿನ ಚಕ್ರ ಹೋಗಬೇಕು. ಕೊನೆಗೆ 120 ಅಥವಾ 126 ಮಿಲಿಮೀಟರು ಅಂತರವಿದ್ದ ಫ್ರೇಮಿನ ಹಿಂಗವಲನ್ನು 130ಕ್ಕೆ ಎಳೆದು ಅಗಲಿಸಬೇಕು. ಕೌಪೀನವನ್ನು ಇಲಿಯಿಂದ ಉಳಿಸಲು ಬೆಕ್ಕನ್ನು ಸಾಕಿ, ಬೆಕ್ಕಿಗಾಗಿ ಹಸುವನ್ನು ಕಟ್ಟಿ, ಸಂಸಾರಿಯಾದ ಸನ್ಯಾಸಿಯ ಕಥೆಯು ವಾಚಕರಿಗೆ ತಿಳಿದೇ ಇದೆ.

ಮೀಮಾಂಸಕರು ಹೇಳದಿರುವ ಒಂದು ಸಂಗತಿ ಉಳಿಯುತ್ತದೆ. ಯಾಗದ ದ್ರವ್ಯವು ಅಗ್ನಿಯಲ್ಲಿ ಮುಗಿಯುತ್ತದೆ. ಉಕ್ಕಿನ ಫ್ರೇಮು ಒಡೆಯನಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮುಂದೆ ಅದನ್ನು ಏರುವವನು ಇಪ್ಪತ್ತರ ತರುಣನಾಗಿರಬಹುದು. ಆದುದರಿಂದ ತಂತಿಯನ್ನು ಒಳಗೆ ತೂರಿಸಲು ಹ್ಯಾಂಡಲಿಗೆ ತೂತು ಕೊರೆಯುವುದು, ಬಾಯಿ ಕಿರಿದಾದ ಹಳೆಯ ಉಕ್ಕಿನ ಕೊಳವೆಯನ್ನು ಅರದಿಂದ ಉಜ್ಜುವುದು, ತಂತಿಗೆ ಆಸರೆಯನ್ನು ಬೆಸೆಯಲು ಫ್ರೇಮಿಗೆ ಬೆಂಕಿ ಹಿಡಿದು ಮೂಲದ ಬಣ್ಣವನ್ನು ಸುಡುವುದು, ಇವು ಮೂರೂ ಅಕಾರ್ಯಗಳು. ತೂತು ಕೊರೆದ ಹ್ಯಾಂಡಲು ಅಲ್ಲಿಯೇ ಮುರಿಯಲೂಬಹುದು. ಕೊಳವೆಗೆ ಸುತ್ತಿ ಬಿಗಿಯುವ ಪಟ್ಟಿಯಿಂದಲೇ ಆಸರೆಯ ಕೆಲಸ ಆಗುತ್ತದೆ. ಅದರ ಅಡಿಯಲ್ಲಿ ತೆಳುವಾದ ರಬ್ಬರನ್ನಿಟ್ಟರೆ ಬಣ್ಣಕ್ಕೆ ಗೀರೂ ಬೀಳದು.

ಇಟಲಿಯ ಗಾಯೊಲೆಯಲ್ಲಿ 1997ರಿಂದ ನಡೆಯುತ್ತಿರುವ ಎರೋಯಿಕಾ ಎಂಬ ಹಳೆಯ ಬೈಸಿಕಲ್ಲುಗಳ ಸವಾರಿಯಲ್ಲಿ ಲಿವರು ಫ್ರೇಮಿನ ಕೊಳವೆಯ ಮೇಲಿರಬೇಕೆಂಬುದು ಸಾಮಾನ್ಯ ವಿಧಿ. ಕಳಚಿದ ಲಿವರುಗಳನ್ನು ಅವುಗಳ ತಿರುಪು, ಬಿಲ್ಲೆಗಳೊಡನೆ ಎಣ್ಣೆ ಸವರಿ ಡಬ್ಬಿಯಲ್ಲಿ ಇಟ್ಟಿರುವವನಿಗೆ ಅವನ್ನು ಮರಳಿ ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಫ್ರೇಮನ್ನು ಮಾರುವ ದಿನ ಆ ಡಬ್ಬಿಯೂ ಅದರ ಜೊತೆಗೇ ಹೋಗತಕ್ಕದ್ದು.